ನಾನು ಶೂರಿಟಿ ಕೊಟ್ಟ ಹುಡುಗ ಕೋರ್ಟಿಗೆ ಬರುತ್ತಿಲ್ಲ. ಈಗ ನೋಟೀಸ್ ನನಗೆ ಬಂದಿದೆ, ಏನು ಮಾಡಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

2022ರಲ್ಲಿ ನಾವು ಮನೆ ಕಟ್ಟಿಸುವಾಗ ಗಾರೆ ಕೆಲಸಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಒಳ್ಳೆಯ ಕೆಲಸಗಾರ, ಮಾತು ಕಡಿಮೆ. ಅದೇ ವರ್ಷ ಪಕ್ಕದೂರಿನ ಜಾತ್ರೆಯಲ್ಲಿ ಗಲಾಟೆ ಆಗಿ ಒಬ್ಬನ ಕೈ ಮುರಿಯಿತು. ಇವನ ಹೆಸರೂ ಸೇರಿ ಐಪಿಸಿ 326 (ಆಯುಧದಿಂದ ತೀವ್ರ ಗಾಯ) ಕೇಸಾಯಿತು. ಜಾಮೀನು ಸಿಕ್ಕಿತು, ಆದರೆ ಶೂರಿಟಿ ಕೊಡುವವರು ಯಾರೂ ಇರಲಿಲ್ಲ. ಅವನ ತಾಯಿ ನಮ್ಮ ಜಗಲಿ ಮೇಲೆ ಕೂತು ಅತ್ತರು. ನನ್ನ ಹೆಸರಲ್ಲಿ ಎರಡು ಎಕರೆ ಗದ್ದೆ ಇದೆ. ಪಹಣಿ, ಆಧಾರ್, ಎರಡು ಫೋಟೊ ಹಿಡಿದು ಹೋಗಿ 50,000 ರೂಪಾಯಿ ಬಾಂಡಿಗೆ ಸಹಿ ಹಾಕಿದೆ. "ಇವನು ಬರದಿದ್ದರೆ ದುಡ್ಡು ನೀವು ಕಟ್ಟಬೇಕು, ಗೊತ್ತಲ್ವಾ?" ಎಂದು ಜಡ್ಜ್ ಸಾಹೇಬರು ಕೇಳಿದರು. ಗೊತ್ತು ಸ್ವಾಮಿ ಎಂದೆ.

ಮೊದಲೆರಡು ವರ್ಷ ಸರಿಯಾಗಿಯೇ ಬರುತ್ತಿದ್ದ. ಆಮೇಲೆ ಕೆಲಸಕ್ಕೆಂದು ಊರು ಬಿಟ್ಟ. ಮೂರು ವಾಯಿದೆ ತಪ್ಪಿಸಿದ್ದಾನೆ. ಅವನ ಮೇಲೆ ವಾರಂಟ್ ಆಗಿದೆ, ಫೋನ್ ಸ್ವಿಚ್ ಆಫ್. ಮೊನ್ನೆ ಪೊಲೀಸರು ಬಂದು ನನಗೆ ನೋಟೀಸ್ ಕೊಟ್ಟು ಹೋದರು. 50,000 ಯಾಕೆ ವಸೂಲಿ ಮಾಡಬಾರದು ಎಂದು ಕೇಳಿದ್ದಾರೆ. ಮನೆಯಲ್ಲಿ ದಿನಾ ಜಗಳ.

ಏನು ಮಾಡಬೇಕು ಹೇಳಿ. ಇನ್ನೊಂದು ಮಾತೂ ತಲೆ ಕೊರೆಯುತ್ತಿದೆ. ಹೀಗೆ ಓಡಿಹೋಗುವವರಿಗೆ ಕೋರ್ಟು ಜಾಮೀನು ಕೊಡುವುದಾದರೂ ಯಾಕೆ?

ಮಾವಿನತೋಪು
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಣ್ಣ, ಯಾರಿಗೂ ಶೂರಿಟಿ ಕೊಡಬಾರದು. ನಮ್ಮಪ್ಪ ಸಾಯುವಾಗಲೂ ಇದೇ ಮಾತು ಹೇಳಿದ್ದರು.

ಕರಿಕೋಟು
ತುಂಗಾತೀರ ಅವರೇ, ನಾನು ವಕೀಲ. ಮೊದಲು ಗಾಬರಿ ಬಿಡಿ. ನಿಮ್ಮದು 2022ರ ಕೇಸು, ಹಾಗಾಗಿ ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾನೂನಾದ ಸಿಆರ್‌ಪಿಸಿಯ 446ನೇ ಕಲಂ ಬರುತ್ತದೆ. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದೇ 491 ಆಗಿದೆ.

ಬಂದಿರುವುದು ಶೋಕಾಸ್ ನೋಟೀಸ್. ಅಂದರೆ ನಿಮ್ಮ ಮಾತು ಕೇಳದೆ ದುಡ್ಡು ಹಿಡಿಯುವುದಿಲ್ಲ. ನೋಟೀಸಿನಲ್ಲಿರುವ ದಿನ ತಪ್ಪದೆ ಹೋಗಿ. ಹುಡುಗನನ್ನು ಹುಡುಕುತ್ತಿದ್ದೇನೆ, ಸಮಯ ಕೊಡಿ ಎಂದು ಬರೆದು ಕೊಡಿ. ಅವನನ್ನು ನೀವೇ ಕರೆತಂದು ನಿಲ್ಲಿಸಿದರೆ ಬಹುತೇಕ ಜಡ್ಜ್‌ಗಳು ಪೂರ್ತಿ ಹಣ ಕೇಳುವುದಿಲ್ಲ. ಕಾರಣ ಬರೆದು ಹಣದಲ್ಲಿ ಒಂದಷ್ಟು ಬಿಡುವ ಅಧಿಕಾರ ಅದೇ ಕಲಂನಲ್ಲಿದೆ.

ಆದರೆ ನೋಟೀಸ್ ಮಡಚಿ ಬೀರುವಿನಲ್ಲಿ ಇಡಬೇಡಿ. ದಂಡ ಹಾಕಿ, ಅದನ್ನು ಕಟ್ಟದೆ, ವಸೂಲಿಯೂ ಆಗದೆ ಹೋದರೆ ಶೂರಿಟಿಯನ್ನೇ ಆರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲು ಕಾನೂನಿನಲ್ಲಿ ಅವಕಾಶ ಇದೆ.

ಮುಂದಕ್ಕೆ ಈ ಹೊಣೆಯೇ ಬೇಡ ಅನ್ನಿಸಿದರೆ 444ರ ಅಡಿ ಅರ್ಜಿ ಹಾಕಿ ಶೂರಿಟಿಯಿಂದ ಬಿಡಿಸಿಕೊಳ್ಳಬಹುದು. ಆಗ ಕೋರ್ಟು ಅವನನ್ನು ಕರೆಸಿ ಬೇರೆ ಶೂರಿಟಿ ಕೇಳುತ್ತದೆ. ಅವನು ಕೊಡದಿದ್ದರೆ ಒಳಗೆ ಹೋಗುತ್ತಾನೆ.

ತುಂಗಾತೀರ
ಸಿವಿಲ್ ಜೈಲಾ! ಇದನ್ನು ಯಾರೂ ಹೇಳಿರಲಿಲ್ಲ ಸರ್. ನಾಳೆಯೇ ಹೋಗುತ್ತೇನೆ.

ಅಂಗಳದ_ಮಲ್ಲಿಗೆ
ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಕೊಡಬಾರದು.

2019ರಲ್ಲಿ ನಮ್ಮ ಅಪ್ಪ ಅಮ್ಮ ಟಿವಿಎಸ್‌ನಲ್ಲಿ ಮದುವೆಗೆ ಹೋಗುತ್ತಿದ್ದರು. ಲಾರಿ ಹಿಂದಿನಿಂದ ಗುದ್ದಿತು. ಅಪ್ಪ ಅಲ್ಲೇ ಹೋದರು. ಅಮ್ಮ ಹಿಂದೆ ಕೂತಿದ್ದರು, ಎಲ್ಲ ನೋಡಿದ್ದಾರೆ. ಡ್ರೈವರ್ ಬೇರೆ ರಾಜ್ಯದವನು. ಬೇಗನೇ ಜಾಮೀನಾಯಿತು, ಎರಡೇ ಸಲ ಕೋರ್ಟಿಗೆ ಬಂದ. ಆಮೇಲೆ ಅವನ ಮುಖ ನೋಡಿಲ್ಲ. ವಾರಂಟ್, ಮತ್ತೆ ವಾರಂಟ್, ಮತ್ತೆ ವಾರಂಟ್. ಪ್ರತಿ ವಾಯಿದೆಗೂ ಒಂದೇ ಸಾಲು: ಆರೋಪಿ ಗೈರು.

ವಿಮೆಯ ಪರಿಹಾರ ಬೇರೆ ಕೇಸಿನಲ್ಲಿ ಬಂತು, ಇಲ್ಲ ಎನ್ನುವುದಿಲ್ಲ. ಆದರೆ ತಪ್ಪು ಮಾಡಿದವನು ಕಟಕಟೆಯಲ್ಲಿ ಒಂದು ಸಲ ನಿಲ್ಲಬೇಕು ಎಂದು ಅಮ್ಮನಿಗೆ ಆಸೆ. ಅದಕ್ಕೆ ಬೆಲೆ ಇಲ್ಲವಾ?

ಕರಿಕೋಟು
ಬೆಲೆ ಇದೆ ತಂಗಿ. ಆದರೆ 304ಎ (ನಿರ್ಲಕ್ಷ್ಯದಿಂದ ಸಾವು) ಜಾಮೀನು ಕೊಡಲೇಬೇಕಾದ ಅಪರಾಧ. ಓಡಿಹೋಗುತ್ತಾನೆ ಎಂಬ ಅನುಮಾನ ಇದ್ದರೂ ಶೂರಿಟಿ ಕೊಟ್ಟವನನ್ನು ಇಟ್ಟುಕೊಳ್ಳುವಂತಿಲ್ಲ. ಓಡಿಹೋಗಬಹುದಾ ಎಂದು ತೂಗಿ ನೋಡುವುದು ಜಾಮೀನುರಹಿತ ಕೇಸುಗಳಲ್ಲಿ.

ನಿಮ್ಮ ಅಮ್ಮನಿಗೆ ವಯಸ್ಸೆಷ್ಟು?

ಅಂಗಳದ_ಮಲ್ಲಿಗೆ
71. ಯಾಕೆ ಸರ್?

ಕರಿಕೋಟು
ಸಿಆರ್‌ಪಿಸಿ 299 ಎಂದು ಒಂದಿದೆ. ಆರೋಪಿ ತಲೆಮರೆಸಿಕೊಂಡಿದ್ದಾನೆ, ಸದ್ಯಕ್ಕೆ ಸಿಗುವ ಹಾಗಿಲ್ಲ ಎಂದು ಕೋರ್ಟಿಗೆ ಮನವರಿಕೆಯಾದರೆ ಅವನಿಲ್ಲದೆಯೇ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳಬಹುದು. ಮುಂದೆ ಅವನು ಸಿಕ್ಕಾಗ ಸಾಕ್ಷಿ ಬದುಕಿಲ್ಲದಿದ್ದರೆ, ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಆ ಹೇಳಿಕೆ ಕೆಲಸಕ್ಕೆ ಬರುತ್ತದೆ. ಸರ್ಕಾರಿ ವಕೀಲರನ್ನು ಭೇಟಿಯಾಗಿ ಕೇಳಿ. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಜೋಳದರೊಟ್ಟಿ
ಹೊಸ ಕಾನೂನಿನಲ್ಲಿ ಆರೋಪಿ ಇಲ್ಲದೆಯೇ ಪೂರ್ತಿ ವಿಚಾರಣೆ ನಡೆಸಿ ತೀರ್ಪು ಕೊಡಬಹುದು ಎಂದು ಓದಿದ್ದೆ. ಹಾಗಿದ್ದರೆ ಅದನ್ನೇ ಮಾಡಬಹುದಲ್ಲ?

ಕರಿಕೋಟು
ಬಿಎನ್‌ಎಸ್‌ಎಸ್ 356 ಹೇಳುತ್ತಿದ್ದೀರಿ. ಅದು ಘೋಷಿತ ಅಪರಾಧಿಗೆ ಮಾತ್ರ. ಹಾಗೆ ಘೋಷಿಸಬೇಕಾದರೆ ಕೇಸು ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯದ್ದಾಗಿರಬೇಕು. 30 ದಿನದ ಅಂತರದಲ್ಲಿ ಎರಡು ವಾರಂಟ್ ಹೊರಡಿಸಿರಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಚಾರ್ಜ್ ಆಗಿ 90 ದಿನ ಕಳೆದಿರಬೇಕು. ಅಪಘಾತದ ಕೇಸಿಗೆ ಅದು ಬರುವುದಿಲ್ಲ.

ಹೆಗ್ಗದ್ದೆ
ಬಡ ಡ್ರೈವರ್, ಗಾರೆ ಹುಡುಗನ ವಿಷಯವೇ ಮಾತಾಡುತ್ತಿದ್ದೀರಿ. ವಿಜಯ್ ಮಲ್ಯ ಜಾಮೀನು ತಗೊಂಡು ಲಂಡನ್ನಿಗೆ ಹಾರಿದರಲ್ಲ, ಅವರಿಗೆ ಯಾವ ಶೂರಿಟಿ?

ಜೋಳದರೊಟ್ಟಿ
ತಪ್ಪು. ಮಲ್ಯ ಜಾಮೀನಿನ ಮೇಲೆ ಹೋದದ್ದಲ್ಲ. 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟಾಗ ಅವರನ್ನು ಬಂಧಿಸಿರಲೇ ಇಲ್ಲ. ಜಾಮೀನು ಸಿಕ್ಕಿದ್ದು 2017ರಲ್ಲಿ, ಅದೂ ಲಂಡನ್ನಿನ ಕೋರ್ಟಿನಲ್ಲಿ. ಅಂಥವರಿಗಾಗಿಯೇ 2018ರಲ್ಲಿ ಬೇರೆ ಕಾನೂನು ಬಂತು. 100 ಕೋಟಿ ಮತ್ತು ಮೇಲ್ಪಟ್ಟ ಕೇಸುಗಳಿಗೆ ಅದು. ಅದರಡಿ 'ಪರಾರಿಯಾದ ಆರ್ಥಿಕ ಅಪರಾಧಿ' ಎಂದು ಮೊದಲು ಘೋಷಣೆಯಾದವರೂ ಅವರೇ, 2019ರ ಜನವರಿಯಲ್ಲಿ.

ಹೆಗ್ಗದ್ದೆ
ಸರಿ, ಆ ವಿವರ ತಪ್ಪಿರಬಹುದು. ನಾನು ಕೇಳಿದ್ದು ಅದಲ್ಲ. ವಿಮಾನ ಹತ್ತುವ ಶಕ್ತಿ ಇರುವವನು ಓಡಿಹೋಗುವ ಸಾಧ್ಯತೆ ಜಾಸ್ತಿ. ಬಸ್ ಚಾರ್ಜಿಗೂ ಗತಿ ಇಲ್ಲದವನು ಎಲ್ಲಿಗೆ ಓಡುತ್ತಾನೆ? ಆದರೆ ಪಹಣಿ ಕೇಳುವುದು ಎರಡನೆಯವನ ಹತ್ತಿರ.

ಬಿಸಿಲೂರಿನವಳು
ಹೆಗ್ಗದ್ದೆ ಅಣ್ಣನವರ ಮಾತು ನನ್ನ ಎದೆಗೆ ತಾಗಿತು. ನಮ್ಮ ಮನೆಯದ್ದು ಹೇಳುತ್ತೇನೆ.

ನಾವು ರಾಯಚೂರು ಕಡೆಯವರು. ನನ್ನ ತಮ್ಮ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಸೈಟಿನಲ್ಲಿ ಕಬ್ಬಿಣ ಕಳುವಾಯಿತು. ನಾಲ್ಕು ಹುಡುಗರನ್ನು ಹಿಡಿದರು, ಅದರಲ್ಲಿ ಇವನೂ ಒಬ್ಬ. ಇಪ್ಪತ್ತನೇ ದಿನಕ್ಕೆ ಜಾಮೀನು ಮಂಜೂರಾಯಿತು. ಮನೆಯಲ್ಲಿ ಅವ್ವ ಕಾಯಿ ಒಡೆದಳು. ಆದರೆ ಇಬ್ಬರು ಶೂರಿಟಿ ಬೇಕು, ಬೆಂಗಳೂರು ಕಡೆಯವರೇ ಆಗಬೇಕು ಎಂದರು. ನಮಗೆ ಅಲ್ಲಿ ಯಾರಿದ್ದಾರೆ? ಅಪ್ಪನ ಪಹಣಿ ಒಯ್ದರೆ ಅದು ದೂರದ ಜಿಲ್ಲೆಯದ್ದು, ಆಗುವುದಿಲ್ಲ ಎಂದರು. ಜಾಮೀನು ಸಿಕ್ಕ ಮೇಲೂ ನಾಲ್ಕೂವರೆ ತಿಂಗಳು ಒಳಗೇ ಇದ್ದ. ಕೊನೆಗೆ ಕೋರ್ಟಿನ ಹೊರಗೆ ಒಬ್ಬ ಬಂದು, ಶೂರಿಟಿ ನಾನು ಕೊಡಿಸುತ್ತೇನೆ, ಇಬ್ಬರಿಗೆ 16 ಸಾವಿರ ಎಂದ. ಏಳು ಆಡು ಮಾರಿ ಕೊಟ್ಟೆವು. ಆ ಶೂರಿಟಿಗಳ ಹೆಸರು ನಮ್ಮ ತಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ತಮ್ಮ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದು ಸ್ಟೇಷನ್‌ನಲ್ಲೇ ಮುಖ ತೊಳೆದು ಹೋಗುತ್ತಿದ್ದ. ಎರಡು ವರ್ಷದ ಮೇಲೆ ಕೇಸು ಬಿದ್ದು ಹೋಯಿತು. ಅವನು ಕಳೆದ ಆ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ?

ಕರಿಕೋಟು
ಅಕ್ಕ, ನಿಮ್ಮ ತಮ್ಮನಿಗೆ ಆದದ್ದು ಅನ್ಯಾಯ. ಇದನ್ನು ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ. ಮೋತಿರಾಮ್ ಕೇಸು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವರು. 10,000 ರೂಪಾಯಿಗೆ ಶೂರಿಟಿ ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ತಳ್ಳಿಹಾಕಿ, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದರು. ಮಾರನೇ ವರ್ಷ ಬಿಹಾರದ ಹುಸೇನಾರಾ ಖಾತೂನ್ ಕೇಸಿನಲ್ಲೂ ಇದೇ ಮಾತು: ಊರಿನಲ್ಲಿ ಬೇರು ಇರುವವನು ಓಡಿಹೋಗುವುದಿಲ್ಲ. ಹೆಂಡತಿ ಮಕ್ಕಳು, ಕೆಲಸ, ಎಷ್ಟು ವರ್ಷದಿಂದ ಅಲ್ಲೇ ಇದ್ದಾನೆ, ಇವನ್ನು ನೋಡಿ ಎಂದರು. ಅಷ್ಟು ವರ್ಷದಿಂದ ತೀರ್ಪು ಇದೆ. ಕೆಳಗಿನ ಕೋರ್ಟುಗಳಲ್ಲಿ ಇನ್ನೂ ಪಹಣಿ ಎಲ್ಲಿದು ಎಂದೇ ಕೇಳುತ್ತಾರೆ.

2023ರ ಜನವರಿ 31ರಂದು ಇನ್ನೊಂದು ಆದೇಶ ಬಂತು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶೂರಿಟಿ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ನಿಮ್ಮ ಊರಿನವರು ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಕಾನೂನು ನೆರವಿನ ನಂಬರ್ 15100ಕ್ಕೆ ಫೋನ್ ಮಾಡಿಸಿ. ಜೈಲಿನಲ್ಲಿರುವ ಯಾರಿಗೇ ಆಗಲಿ ವಕೀಲರು ಉಚಿತ.

ಮಾವಿನತೋಪು
ದಾರಿ ತಪ್ಪಿಸುತ್ತಿದ್ದೇನೆ, ಬೈಯಬೇಡಿ. ನಮ್ಮ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ತೀರಿಕೊಂಡು 15 ವರ್ಷ. ಅದನ್ನು ಇಟ್ಟು ಶೂರಿಟಿ ಕೊಡಬಹುದಾ? ನಮ್ಮ ಭಾವಮೈದುನ ಕೇಳುತ್ತಿದ್ದಾನೆ.

ಜೋಳದರೊಟ್ಟಿ
ನಿಮ್ಮ ಹೆಸರೇ ಇಲ್ಲದ ಪಹಣಿಯಿಂದ ಏನೂ ಆಗುವುದಿಲ್ಲ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ. ಶೂರಿಟಿಗಷ್ಟೇ ಅಲ್ಲ, ಬೆಳೆ ವಿಮೆಗೂ ಸಾಲಕ್ಕೂ ಬೇಕು. ಅಂದಹಾಗೆ ಯಾರಿಗೂ ಶೂರಿಟಿ ಕೊಡಬಾರದು ಎಂದವರು ನೀವೇ ಅಲ್ವಾ?

ಮಾವಿನತೋಪು
ಭಾವಮೈದುನ ಬೇರೆ, ಊರವರು ಬೇರೆ.

ಬಿಸಿಲೂರಿನವಳು
ಜೈಲಿನಲ್ಲಿ ಇರುವವರಿಗೆ ಎಲ್ಲರೂ ಊರವರೇ ಅಣ್ಣ.

ನಿವೃತ್ತ_ಖಾಕಿ
33 ವರ್ಷ ಇಲಾಖೆಯಲ್ಲಿದ್ದೆ. ವಾರಂಟ್ ಜಾರಿ ಮಾಡುವ ಕೆಲಸವನ್ನೇ ಆರು ವರ್ಷ ಮಾಡಿದ್ದೇನೆ. ಪೊಲೀಸರು ಹಿಡಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಕೋರ್ಟ್ ಪಿಸಿ (ಪೇದೆ) ಸಂಜೆ ಒಂದು ಕಟ್ಟು ವಾರಂಟ್ ತಂದು ಮೇಜಿನ ಮೇಲೆ ಇಡುತ್ತಾನೆ. ಬಂದೋಬಸ್ತ್, ಗಸ್ತು, ಹೊಸ ಕೇಸು ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ನಾವು ಹೊರಡಬೇಕು. ವಿಳಾಸ ನೋಡಿದರೆ ಚಾರ್ಜ್‌ಶೀಟ್ ಹಾಕಿದ ಕಾಲದ್ದು. ಹೋದರೆ ಬೀಗ. ಪಕ್ಕದ ಮನೆಯವರ ಸಹಿ ತಗೊಂಡು "ಆಸಾಮಿ ಪತ್ತೆ ಇಲ್ಲ" ಎಂದು ಬರೆದು ವಾಪಸ್.

ಆದರೆ ಒಂದು ವಿಷಯ ಎದೆ ಮುಟ್ಟಿ ಹೇಳುತ್ತೇನೆ. ನಾನು ಹಿಡಿದು ತಂದವರಲ್ಲಿ ನಿಜವಾಗಿ ಓಡಿಹೋದವರು ಕಮ್ಮಿ. ಹೆಚ್ಚಿನವರು ದುಡಿಯಲು ಹೋದವರು. ಒಬ್ಬ ನಮ್ಮ ತಾಲ್ಲೂಕಿನಲ್ಲೇ ಇದ್ದ, ಇಟ್ಟಿಗೆ ಗೂಡಿನಲ್ಲಿ. ನನ್ನನ್ನು ನೋಡಿ "ಸರ್, ಕೇಸು ಮುಗಿದಿಲ್ವಾ?" ಎಂದು ಕೇಳಿದ. ರಾಜಿ ಆದ ದಿನವೇ ಕೇಸು ಮುಗಿಯಿತು ಎಂದು ತಿಳಿದಿದ್ದ. ಅವನ ಮೇಲೆ ನಾಲ್ಕು ವರ್ಷದ ವಾರಂಟ್ ಇತ್ತು.

ಹೆಗ್ಗದ್ದೆ
ಇದನ್ನೇ ನಾನು ಹೇಳುವುದು. ಬರದವನೆಲ್ಲ ಓಡಿಹೋದವನಲ್ಲ.

ಅಂಗಳದ_ಮಲ್ಲಿಗೆ
ನಿಮಗೆ ಹೇಳುವುದು ಸುಲಭ. ನಮ್ಮ ಡ್ರೈವರ್ ಮರೆತು ಹೋದನಾ, ಓಡಿಹೋದನಾ ಎಂದು ನಮಗೆ ಹೇಗೆ ಗೊತ್ತಾಗಬೇಕು? ಎರಡರಲ್ಲಿ ಯಾವುದಾದರೂ ನಮಗೆ ಕಾಣುವುದು ಖಾಲಿ ಕಟಕಟೆ ಒಂದೇ.

ನಿವೃತ್ತ_ಖಾಕಿ
ನೀವು ಹೇಳುವುದೂ ಸರಿಯಮ್ಮ. ಹೊರರಾಜ್ಯದ ವಾರಂಟ್ ಅಂದರೆ ಎರಡು ಮೂರು ದಿನದ ಪ್ರಯಾಣ. ಅದು ಹೆಚ್ಚಾಗಿ ಕಟ್ಟಿನ ಅಡಿಯಲ್ಲೇ ಉಳಿಯುತ್ತದೆ. ಅದು ನಮ್ಮ ಕಡೆಯ ತಪ್ಪು, ಒಪ್ಪಿಕೊಳ್ಳುತ್ತೇನೆ.

ಶಿಕಾಗೊ_ಕನ್ನಡಿಗ
ನಾನಿರುವ ಇಲಿನಾಯ್ ರಾಜ್ಯದಲ್ಲಿ 2023ರ ಸೆಪ್ಟೆಂಬರ್ 18ರಿಂದ ಜಾಮೀನಿಗೆ ದುಡ್ಡು ಕೇಳುವುದನ್ನೇ ನಿಲ್ಲಿಸಿದರು. ಅಮೆರಿಕದಲ್ಲಿ ಪೂರ್ತಿ ನಿಲ್ಲಿಸಿದ ಮೊದಲ ರಾಜ್ಯ ಇದೇ. ಈ ಮನುಷ್ಯ ಅಪಾಯವಾ, ಓಡಿಹೋಗುತ್ತಾನಾ ಎಂದು ಜಡ್ಜ್ ವಿಚಾರಿಸಿ ಒಳಗಿಡುತ್ತಾರೆ ಇಲ್ಲವೇ ಬಿಡುತ್ತಾರೆ. ಕಳ್ಳರೆಲ್ಲ ಬೀದಿಗೆ ಬರುತ್ತಾರೆ ಎಂದು ಇಲ್ಲೂ ದೊಡ್ಡ ಗಲಾಟೆ ಆಗಿತ್ತು.

ನನಗೆ ಇನ್ನೂ ಹಿಡಿಸಿದ್ದು ನ್ಯೂಯಾರ್ಕಿನಲ್ಲಿ ಮಾಡಿದ ಒಂದು ಪ್ರಯೋಗ. ಸಣ್ಣ ಕೇಸುಗಳವರಿಗೆ ವಾಯಿದೆಗೆ ಮೊದಲು ಫೋನಿಗೆ ಒಂದು ಮೆಸೇಜ್ ಕಳಿಸಿದರು, ಅಷ್ಟೇ. ಬರದೆ ಹೋಗುವವರ ಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. 2020ರಲ್ಲಿ ಪ್ರಕಟವಾಯಿತು.

ಜೋಳದರೊಟ್ಟಿ
ನಮ್ಮಲ್ಲೂ ಇ-ಕೋರ್ಟ್ಸ್ ಆ್ಯಪ್ ಇದೆ. ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ವಾಯಿದೆ ಬರುತ್ತದೆ.

ಬಿಸಿಲೂರಿನವಳು
ನಮ್ಮ ತಮ್ಮನಿಗೆ ಆ ನಂಬರ್ ಯಾರೂ ಕೊಟ್ಟಿರಲಿಲ್ಲ. ವಕೀಲರಿಗೆ ಫೋನ್ ಮಾಡಿದರೆ ಬಾಕಿ ಫೀಸ್ ಕೇಳುತ್ತಾರೆ ಎಂಬ ಭಯ.

ಹೆಗ್ಗದ್ದೆ
ಆ್ಯಪ್ ಇದೆ ಎನ್ನುವುದು ಬೇರೆ, ಕೂಲಿಯವನ ಫೋನಿಗೆ ಕನ್ನಡದಲ್ಲಿ "ನಾಳೆ ನಿನ್ನ ವಾಯಿದೆ" ಎಂದು ಬರುವುದು ಬೇರೆ. ಗ್ಯಾಸ್ ಬುಕ್ ಮಾಡಿದರೆ ಮೆಸೇಜ್ ಬರುತ್ತದೆ, ಕರೆಂಟ್ ಬಿಲ್ಲಿಗೆ ಬರುತ್ತದೆ. ತಪ್ಪಿದರೆ ಜೈಲಿಗೆ ಹೋಗುವ ದಿನಕ್ಕೆ ಯಾಕೆ ಬರಬಾರದು?

ಜೋಳದರೊಟ್ಟಿ
ಈಗ ಎಲ್ಲರಿಗೂ ಲೊಕೇಶನ್ ಆನ್ ಮಾಡಿಸಿ ಬಿಟ್ಟರೆ ಆಯಿತಲ್ಲ? ಎಲ್ಲಿದ್ದಾನೆ ಎಂದು ಪೊಲೀಸರಿಗೆ ಕಾಣುತ್ತದೆ.

ಕರಿಕೋಟು
ಆಗುವುದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಬೇಕು ಎಂಬ ಷರತ್ತನ್ನು 2024ರ ಜುಲೈನಲ್ಲಿ ಫ್ರಾಂಕ್ ವಿಟಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಆರೋಪಿಯ ಖಾಸಗಿ ಬದುಕಿನ ಮೇಲೆ ಪೊಲೀಸರು ಸದಾ ಕಣ್ಣಿಡುವ ಹಾಗಿಲ್ಲ ಎಂದಿತು.

ಇನ್ನೊಂದು ಕೆಲಸಕ್ಕೆ ಬರುವ ವಿಷಯ. ಶೂರಿಟಿ ಸಿಗದಿದ್ದರೆ ಬಾಂಡಿನ ಬದಲು ನಗದು ಠೇವಣಿ ಇಡಲು ಕೋರ್ಟಿನ ಅನುಮತಿ ಕೇಳಬಹುದು. ಕೇಂದ್ರದ್ದು ಬಡ ಕೈದಿಗಳ ನೆರವಿನ ಯೋಜನೆ 2023ರಿಂದ ಇದೆ, ವಿಚಾರಣಾಧೀನ ಕೈದಿಗೆ ಹಣದ ನೆರವು ಕೊಡುತ್ತಾರೆ. ಎಲ್ಲ ಕೇಸಿಗೂ ಅದು ಸಿಗುವುದಿಲ್ಲ, ಜಿಲ್ಲಾ ಸಮಿತಿ ನೋಡಿ ಕೊಡುತ್ತದೆ.

ಮಾವಿನತೋಪು
ಒಬ್ಬರು ಒಂದೇ ಕೇಸಿಗೆ ಶೂರಿಟಿ ಕೊಡಬೇಕು ಎಂದು ರೂಲ್ಸ್ ಇದೆಯಾ? ನಮ್ಮ ಕಡೆ ಹಾಗೇ ಹೇಳುತ್ತಾರೆ.

ಕರಿಕೋಟು
ಇಲ್ಲ. ಎಷ್ಟು ಜನರಿಗೆ ಕೊಟ್ಟಿದ್ದೀರಿ ಎಂದು ಸತ್ಯ ಬರೆದುಕೊಡಬೇಕು, ಅಷ್ಟೇ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಗಿರೀಶ್ ಗಾಂಧಿ ಕೇಸಿನಲ್ಲಿ ಒಬ್ಬರ ಮೇಲೆ 13 ಕೇಸು, ಪ್ರತಿಯೊಂದಕ್ಕೂ ಬೇರೆ ಬೇರೆ ಶೂರಿಟಿ ಕೇಳಿದ್ದರು. ಅಷ್ಟು ಜನರನ್ನು ಎಲ್ಲಿಂದ ತರುತ್ತಾರೆ? ಅವೇ ಶೂರಿಟಿಗಳನ್ನು ಎಲ್ಲ ಕೇಸಿಗೂ ಒಪ್ಪಿಕೊಳ್ಳಿ ಎಂದರು.

ತುಂಗಾತೀರ
ಎಲ್ಲರಿಗೂ. ಹನ್ನೊಂದು ದಿನ ಆಯಿತು, ಆದದ್ದನ್ನು ಹೇಳುತ್ತೇನೆ.

ಹುಡುಗ ಸಿಕ್ಕ. ಅವನ ಜೊತೆ ಕೆಲಸ ಮಾಡುತ್ತಿದ್ದವನ ಹೆಂಡತಿಯಿಂದ ನಂಬರ್ ಸಿಕ್ಕಿತು. ಮಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಇದ್ದ. ಫೋನ್ ನೀರಿಗೆ ಬಿದ್ದು ಸಿಮ್ ಹೋಗಿತ್ತಂತೆ. ನಾನು ಬೈಯಬೇಕೆಂದೇ ಹೋಗಿದ್ದೆ. ಅವನು ತಗಡಿನ ಶೆಡ್ಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದ. ಒಳಗೆ ಬಸ್ ಟಿಕೆಟುಗಳು. ಕೋರ್ಟಿಗೆ ಬಂದು ಹೋದದ್ದೆಲ್ಲ ಜೋಡಿಸಿ ಇಟ್ಟಿದ್ದಾನೆ, ಯಾರಾದರೂ ಕೇಳಿದರೆ ತೋರಿಸೋಣ ಎಂದು. ಊರು ಬಿಟ್ಟ ಮೇಲೆ ಏಳು ಸಲ ಬಂದಿದ್ದಾನೆ. ಒಂದು ಸಲ ಜಡ್ಜ್ ರಜೆ. ಎರಡು ಸಲ ಸಾಕ್ಷಿ ಬಂದಿಲ್ಲ. ಒಂದು ಸಲ ವಕೀಲರ ಕಲಾಪ ಬಹಿಷ್ಕಾರ. ಇನ್ನೊಂದು ಸಲ ಕೆಳಗೆ ಟೀ ಕುಡಿಯಲು ಹೋದಾಗ ಜವಾನ ಮೂರು ಸಲ ಹೆಸರು ಕೂಗಿ ಆಗಿತ್ತು. ಪ್ರತಿ ಸಲ ಎರಡು ದಿನದ ಕೂಲಿ ಹೋಗುತ್ತದೆ. ಎಂಟನೇ ಸಲ ಮಗುವಿಗೆ ಜ್ವರ, ಬರಲಿಲ್ಲ. ವಾರಂಟ್ ಆಗಿದೆ ಎಂದು ಗೊತ್ತಾದ ಮೇಲೆ ಹೆದರಿ ಬರಲೇ ಇಲ್ಲ. "ಅಣ್ಣ, ನಿಮ್ಮ ಗದ್ದೆ ಹೋಗುತ್ತದೆ ಅಂತ ನಂಗೆ ಗೊತ್ತಿರಲಿಲ್ಲ" ಎಂದು ಅತ್ತ.

ಕರೆದುಕೊಂಡು ಬಂದೆ. ಕರಿಕೋಟು ಸರ್ ಹೇಳಿದ ಹಾಗೆ ಅವನನ್ನೇ ಕೋರ್ಟಿನಲ್ಲಿ ನಿಲ್ಲಿಸಿ, ವಾರಂಟ್ ವಾಪಸ್ ಪಡೆಯಿರಿ ಎಂದು ರೀಕಾಲ್ ಅರ್ಜಿ ಹಾಕಿಸಿದೆವು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಅವನು ಕಟಕಟೆಯ ಪಕ್ಕದಲ್ಲೇ ನಿಂತಿದ್ದ, ಜೈಲಿಗೆ ಕರೆದೊಯ್ಯುವ ಎಸ್ಕಾರ್ಟ್ ಪೊಲೀಸರು ಬಂದರೆ ಏನು ಗತಿ ಎಂದು ನನ್ನ ಕೈ ಬೆವರುತ್ತಿತ್ತು. ಅವನಿಗೆ 1,000 ದಂಡ. ನನ್ನ ನೋಟೀಸ್ ಮುಕ್ತಾಯ. ಆದರೆ ಹಳೆಯ ಬಾಂಡ್ ರದ್ದಾಗಿದೆ, ಹೊಸ ಶೂರಿಟಿ ಕೊಡಿ, ಇಲ್ಲದಿದ್ದರೆ ಒಳಗೆ ಎಂದರು.

ಮಾವಿನತೋಪು
ಕೊಟ್ರಾ?

ತುಂಗಾತೀರ
ಕೊಟ್ಟೆ. ಎದುರಿನ ಸೈಬರ್ ಸೆಂಟರಿನಲ್ಲಿ ಹೊಸ ಪಹಣಿ ತೆಗೆಸಿದೆ. ಮನೆಯವಳು ಎರಡು ದಿನ ಮಾತಾಡಲಿಲ್ಲ, ಟಿಕೆಟಿನ ಕವರ್ ತೋರಿಸಿದ ಮೇಲೆ ಸುಮ್ಮನಾದಳು. ಅವನ ಹೊಸ ಫೋನಿನಲ್ಲಿ ಸಿಎನ್‌ಆರ್ ನಂಬರ್ ಹಾಕಿಕೊಟ್ಟಿದ್ದೇನೆ. ವಾಯಿದೆಯ ಹಿಂದಿನ ದಿನ ನಾನೂ ಫೋನ್ ಮಾಡುತ್ತೇನೆ.

ಹೆಗ್ಗದ್ದೆ
ನಿಮ್ಮಂಥವರು ನೂರು ಜನ ಬೇಕು ಅಣ್ಣ. ಆದರೆ ಎಲ್ಲ ಹುಡುಗರಿಗೂ ಎರಡು ಎಕರೆ ಇರುವ ಅಣ್ಣ ಎಲ್ಲಿ ಸಿಗುತ್ತಾನೆ? ಈ ಪದ್ಧತಿಯೇ ಬದಲಾಗಬೇಕು.

ನಿವೃತ್ತ_ಖಾಕಿ
ಟಿಕೆಟುಗಳ ಜೆರಾಕ್ಸ್ ಮಾಡಿಸಿ ವಕೀಲರ ಹತ್ತಿರ ಇಡಿ. ಬಸ್ ಟಿಕೆಟಿನ ಅಕ್ಷರ ಆರು ತಿಂಗಳಿಗೆ ಅಳಿಸಿ ಹೋಗುತ್ತದೆ.

ತುಂಗಾತೀರ
ಹೌದು ಸರ್, ಅರ್ಧ ಈಗಲೇ ಬೆಳ್ಳಗಾಗಿವೆ. ನಾಳೆ ಮಾಡಿಸುತ್ತೇನೆ.

ಅಂಗಳದ_ಮಲ್ಲಿಗೆ
ತುಂಗಾತೀರ ಅಣ್ಣ, ಓದಿ ಕಣ್ಣು ತುಂಬಿತು. ನನ್ನ ಸಿಟ್ಟು ನಿಮ್ಮ ಹುಡುಗನ ಮೇಲಲ್ಲ.

ಕರಿಕೋಟು ಸರ್, ಸರ್ಕಾರಿ ವಕೀಲರನ್ನು ಭೇಟಿಯಾದೆ. 299 ಎಂದು ಹೇಳಿದೆ, ಒಂದು ನಿಮಿಷ ನನ್ನ ಮುಖ ನೋಡಿ ಫೈಲ್ ತರಿಸಿದರು. ವಾರಂಟ್ ವಾಪಸ್ ಬಂದ ವರದಿಗಳನ್ನು ಜೋಡಿಸಿ ಸೋಮವಾರ ಅರ್ಜಿ ಹಾಕುತ್ತಾರಂತೆ. ಅಮ್ಮನಿಗೆ ಹೇಳಿದೆ. ಅವತ್ತು ಉಟ್ಟಿದ್ದ ಸೀರೆ ಯಾವುದು, ಲಾರಿಯ ಹಿಂದೆ ಏನು ಬರೆದಿತ್ತು ಎಂದು ಆಗಲೇ ಹೇಳಲು ಶುರು ಮಾಡಿದ್ದಾರೆ. ನಾನು ಬರೆದುಕೊಳ್ಳುತ್ತಿದ್ದೇನೆ.